ಸಪ್ಲೈ ಚೈನ್ ಪ್ರಾಜೆಕ್ಟ್‌ಗೆ ದಾವಣಗೆರೆ ಮೆಕ್ಕೆಜೋಳ ಹಿಡಿಯಬಹುದೇ? ಏನೇನು ಅಳೆಯಬೇಕು?

ಶಿವಗಂಗೋತ್ರಿ_ಎಂಬಿಎ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಬಿಎ ಎರಡನೇ ವರ್ಷ, ಐಚ್ಛಿಕ ವಿಷಯ ಸಪ್ಲೈ ಚೈನ್. ಬಿ.ಕಾಂ. ತನಕ ಕನ್ನಡ ಮಾಧ್ಯಮ. ಮೂರು ಪ್ರಶ್ನೆ ಇದಾವೆ. ಒಂದು, ಪ್ರಾಜೆಕ್ಟ್‌ಗೆ ಎಪಿಎಂಸಿಯ ಮೆಕ್ಕೆಜೋಳ ತಗೋಬೇಕು ಅಂತಿದೀನಿ, 100 ಜನರಿಗೆ ಪ್ರಶ್ನಾವಳಿ ಹಂಚಿದರೆ ಸಾಕಾ? ಎರಡು, ಪುಸ್ತಕದ ಇಒಕ್ಯೂ (ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಕಡಿಮೆ ಅನ್ನೋದು), ಸೇಫ್ಟಿ ಸ್ಟಾಕ್ (ಆಪತ್ತಿಗೆ ಅಂತ ಇಡೋ ಹೆಚ್ಚುವರಿ ಸರಕು) ಸೂತ್ರಗಳು ನಿಜವಾಗಿ ಎಲ್ಲಿ ಕೆಲಸಕ್ಕೆ ಬರ್ತವೆ? ಮೂರು, ಕೆಲಸ ಹುಡುಕೋಕೆ ಯಾವ ಸಾಫ್ಟ್‌ವೇರ್, ಯಾವ ಸರ್ಟಿಫಿಕೇಟ್? ತಿಳಿದವರು ಬಿಡಿಸಿ ಹೇಳಿದರೆ ಉಪಕಾರ ಆಗುತ್ತೆ.

ಕಾಟಾ_ಚೀಟಿ

ಮೆಕ್ಕೆಜೋಳವನ್ನೇ ಹಿಡೀರಿ, ಪ್ರಶ್ನಾವಳಿ ಬಿಡ್ರಿ. "ಸಾಗಣೆ ವ್ಯವಸ್ಥೆ ತೃಪ್ತಿಕರವಾಗಿದೆ: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ" ಅಂತ ನೂರು ಜನರ ಹತ್ತಿರ ಟಿಕ್ ಹಾಕಿಸಿದರೆ ಜನರ ಅಭಿಪ್ರಾಯ ಸಿಗುತ್ತೆ. ಸರಕು ಎಲ್ಲಿ ಎಷ್ಟು ಹೊತ್ತು ನಿಂತಿತು, ಎಷ್ಟು ಕಿಲೋ ಕಡಿಮೆ ಆಯ್ತು ಅನ್ನೋದು ಸಿಗಲ್ಲ. ಈ ವಿಷಯದಲ್ಲಿ ಅಳೀಬೇಕಾದ್ದು ಹೊತ್ತು ಮತ್ತು ತೂಕ. ದುಡ್ಡಿನ ಲೆಕ್ಕ ಅವೆರಡರಿಂದಲೇ ಹೊರಡುತ್ತೆ.

ಮೊದಲು ತೇವಾಂಶ ಕಲೀರಿ. ನಮ್ಮ ಕಡೆ ಮುಂಗಾರಿನ ಮೆಕ್ಕೆಜೋಳ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಒತ್ತಾಗಿ ಮಾರುಕಟ್ಟೆಗೆ ಬೀಳುತ್ತೆ. ಹೊಲದಿಂದ ನೇರ ಬಂದ ಕಾಳಲ್ಲಿ ತೇವಾಂಶ ಶೇ. 20 ದಾಟಿರಬಹುದು. ಬೆಂಬಲ ಬೆಲೆ ಖರೀದಿಯ ಗುಣಮಟ್ಟದಲ್ಲಿ ಮಿತಿ ಶೇ. 14. ಈಗ ಒಂದು ಲೆಕ್ಕ: 100 ಕ್ವಿಂಟಲ್ ಕಾಳು ಶೇ. 20ರಿಂದ 14ಕ್ಕೆ ಒಣಗಿದರೆ ಎಷ್ಟು ಉಳಿಯುತ್ತೆ? ಬಹಳ ಜನ 94 ಅಂತಾರೆ. ತಪ್ಪು. ಒಣಗುವಾಗ ಹೋಗೋದು ನೀರು ಮಾತ್ರ, ಒಣ ಪದಾರ್ಥ 80 ಕ್ವಿಂಟಲ್ ಹಾಗೇ ಇರುತ್ತೆ. ಶೇ. 14 ತೇವಾಂಶ ಅಂದರೆ ಆ 80 ಕ್ವಿಂಟಲ್ ಒಟ್ಟು ತೂಕದ ಶೇ. 86 ಆಗಬೇಕು. 80ನ್ನು 0.86ರಿಂದ ಭಾಗಿಸಿದರೆ 93.02. 94ಕ್ಕೂ ಇದಕ್ಕೂ 98 ಕಿಲೋ ವ್ಯತ್ಯಾಸ, ಹತ್ತಿರ ಹತ್ತಿರ ಎರಡು ಚೀಲ. ಹಸಿ ಕಾಳನ್ನ ಕ್ವಿಂಟಲ್‌ಗೆ 1,900ರಂತೆ ಕೊಂಡರು ಅಂದ್ಕೊಳ್ಳಿ (ಲೆಕ್ಕಕ್ಕೆ ಹಿಡಿದ ದರ), ಒಣಗಿದ ಕಾಳು 2,043 ಬಿತ್ತು. ಒಣಗಿಸಿದ ಕೂಲಿ, ಕಣದಲ್ಲಿ ಚೆಲ್ಲಿದ್ದು ಇನ್ನೂ ಸೇರಿಲ್ಲ.

ತೇವಾಂಶದ ಮೀಟರ್ ಹಿಡಿಯುವಾಗ ಆಗೋ ತಪ್ಪು ಮೂರು. ಚೀಲದ ಬಾಯಿಯಲ್ಲಿರೋ ಕಾಳನ್ನಷ್ಟೇ ತೆಗೆಯೋದು. ಬಿಸಿಲಿಗೆ ಮೇಲಿನ ಕಾಳು ಒಣಗಿರುತ್ತೆ, ನಡುವಿಂದು ಹಸಿ ಇರುತ್ತೆ. ಮೀಟರ್‌ನಲ್ಲಿ ಬೆಳೆಯ ಆಯ್ಕೆ ಹಿಂದಿನವರು ಬಿಟ್ಟ ಭತ್ತದ ಮೇಲೇ ಉಳಿದಿರೋದು. ಕಣದಿಂದ ಆಗತಾನೇ ಬಾಚಿದ ಬಿಸಿ ಕಾಳನ್ನ ತಣಿಯೋಕೆ ಬಿಡದೆ ಹಾಕೋದು. ಒಂದು ಲಾಟ್‌ಗೆ ಕನಿಷ್ಠ ಐದು ಚೀಲದಿಂದ ಕಾಳು ತೆಗೆದು ಬೆರೆಸಿ, ಮೂರು ಸಲ ಓದಿ, ಮೂರನ್ನೂ ಬರೀರಿ. ಸರಾಸರಿಯನ್ನಷ್ಟೇ ಬರೆದರೆ ಓದಿನ ಏರಿಳಿತ ಎಷ್ಟಿತ್ತು ಅಂತ ಆಮೇಲೆ ಗೊತ್ತಾಗಲ್ಲ.

ಹಸಿ ಕಾಳನ್ನ ಹಾಗೇ ನಿಟ್ಟು ಒಟ್ಟಿದರೆ ಒಳಗೆ ಬಿಸಿ ಹುಟ್ಟಿ ಬೂಷ್ಟು ಹಿಡಿಯುತ್ತೆ. ಆಸ್ಪರ್ಜಿಲಸ್ ಜಾತಿಯ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ವಿಷ ಬರುತ್ತೆ. ಕೋಳಿ ಆಹಾರದ ಕಾರ್ಖಾನೆಯವರು ಅಂಥ ಲಾಟನ್ನ ವಾಪಸ್ ಕಳಿಸ್ತಾರೆ, ಹೋಗಿ ಬಂದ ಬಾಡಿಗೆ ಎರಡೂ ಮಾರಿದವನ ತಲೆ ಮೇಲೆ. ಪುಸ್ತಕದಲ್ಲಿ "ರಿವರ್ಸ್ ಲಾಜಿಸ್ಟಿಕ್ಸ್" ಅಧ್ಯಾಯ ಇದೆಯಲ್ಲ, ಅದಕ್ಕೆ ನಮ್ಮೂರಿನ ಉದಾಹರಣೆ ಇದೇ.

ಲೆಕ್ಕದ_ಮೇಷ್ಟ್ರು

ತೂಕದ ಮಾತು ಸರಿ. ಆದರೆ ವರದಿಯಲ್ಲಿ ಹೈಪಾಥಿಸಿಸ್ (ಪರೀಕ್ಷಿಸಿ ನೋಡೋ ಊಹೆ) ಎಲ್ಲಿ ಅಂತ ಪರೀಕ್ಷಕರು ಕೇಳೇ ಕೇಳ್ತಾರೆ. ಅದಕ್ಕೆ ಪ್ರಶ್ನಾವಳಿಯೇ ಬೇಕು ಅನ್ನೋದು ತಪ್ಪು ತಿಳಿವಳಿಕೆ. "ಮಧ್ಯಾಹ್ನ 12ಕ್ಕೆ ಮುಂಚೆ ಬಂದ ಲಾರಿಗೂ ನಂತರ ಬಂದ ಲಾರಿಗೂ ಕಾಯುವ ಹೊತ್ತಿನಲ್ಲಿ ವ್ಯತ್ಯಾಸವಿಲ್ಲ" ಅನ್ನೋದು ಒಳ್ಳೆಯ ಶೂನ್ಯ ಹೈಪಾಥಿಸಿಸ್. ಅಳತೆಯಿಂದಲೇ ಪರೀಕ್ಷೆ ಮಾಡಬಹುದು.

ಎಷ್ಟು ಲಾರಿ ಬೇಕು? ಮೊದಲು 10 ಲಾರಿಯ ಹೊತ್ತು ಬರೆದು ಪ್ರಮಾಣಿತ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನೋ ಅಳತೆ) ತೆಗೀರಿ. ಅದು 40 ನಿಮಿಷ ಬಂತು, ಸರಾಸರಿಯನ್ನ 10 ನಿಮಿಷದ ಆಚೀಚೆ ಹೇಳಬೇಕು ಅಂದರೆ: 1.96 (ಶೇ. 95 ಭರವಸೆಗೆ) ಗುಣಿಸು 40, ಭಾಗಿಸು 10, ಬಂದಿದ್ದರ ವರ್ಗ. 61.5, ಅಂದರೆ 62 ಲಾರಿ. ಎರಡು ಗುಂಪು ಹೋಲಿಸುವುದಾದರೆ ಪ್ರತಿ ಗುಂಪಿಗೂ ಅಷ್ಟು ಇಟ್ಕೊಳ್ಳಿ. ದಿನಕ್ಕೆ 12 ಲಾರಿ ಸಿಕ್ಕರೂ ಎರಡು ವಾರದೊಳಗೆ ಮುಗಿಯೋ ಕೆಲಸ. 100 ಪ್ರಶ್ನಾವಳಿ ತುಂಬಿಸೋದಕ್ಕಿಂತ ಹೆಚ್ಚೇನಲ್ಲ.

ಸರಾಸರಿಯನ್ನ ಒಂದೇ ನಂಬಬೇಡಿ. ಒಂಬತ್ತು ಲಾರಿ 40 ನಿಮಿಷ ಕಾದು, ಹತ್ತನೆಯದು 400 ನಿಮಿಷ ಕಾದರೆ ಸರಾಸರಿ 76. ಆ 76 ನಿಮಿಷ ಯಾವ ಲಾರಿಯೂ ಕಾದಿಲ್ಲ! ಮಧ್ಯಕ (ಸಾಲಾಗಿ ಜೋಡಿಸಿದಾಗ ನಡುವಿನ ಅಂಕಿ) 40. ವರದಿಯಲ್ಲಿ ಮಧ್ಯಕ ಕೊಡಿ, ಜೊತೆಗೆ 90ನೇ ಪರ್ಸೆಂಟೈಲ್ (ನೂರರಲ್ಲಿ ತೊಂಬತ್ತು ಲಾರಿ ಇಷ್ಟರೊಳಗೆ ಕಾದವು ಅನ್ನೋ ಅಂಕಿ) ಕೊಡಿ. ಇಂಥ ಒಂದು ಕಡೆ ಎಳೆದ ಅಂಕಿಗಳಿಗೆ ಟಿ-ಪರೀಕ್ಷೆಯ (ಎರಡು ಗುಂಪಿನ ಸರಾಸರಿ ಹೋಲಿಸೋದು) ಜೊತೆ ಮ್ಯಾನ್-ವಿಟ್ನಿಯನ್ನೂ (ಕ್ರಮಾಂಕ ಹೋಲಿಸೋದು) ಮಾಡಿ. ಎರಡೂ ಒಂದೇ ಮಾತು ಹೇಳಿದರೆ ಮೌಖಿಕ ಪರೀಕ್ಷೆಯಲ್ಲಿ ಧೈರ್ಯವಾಗಿ ನಿಲ್ಲಬಹುದು.

ಶುರು ಮಾಡೋ ಮುಂಚೆ ವಿಭಾಗದ ಲೆಟರ್‌ಹೆಡ್‌ನಲ್ಲಿ ಅನುಮತಿ ಪತ್ರ ತಗೊಂಡು ಹೋಗಿ. ಪಾರ್ಟಿ ಹೆಸರು, ಗಾಡಿ ನಂಬರ್ ವರದಿಗೆ ಬೇಡ. ಲಾರಿ 1, ಲಾರಿ 2 ಅಂತಲೇ ಬರೀತೀವಿ ಅಂತ ಪತ್ರದಲ್ಲೇ ಹೇಳಿ. ಅಷ್ಟು ಹೇಳಿದರೆ ವರ್ತಕರು ತೂಕದ ಚೀಟಿ ತೋರಿಸೋಕೆ ಹಿಂದೆಮುಂದೆ ನೋಡಲ್ಲ.

ಕಾಟಾ_ಚೀಟಿ

ಮೇಷ್ಟ್ರ ಲೆಕ್ಕ ಒಪ್ಪಿದೆ. ಆದರೆ ಇಒಕ್ಯೂ ಬಗ್ಗೆ ನನ್ನ ಮಾತು ನೇರ: ಮೆಕ್ಕೆಜೋಳಕ್ಕೆ ಅದನ್ನ ಹಾಕಲೇಬೇಡಿ. ಬೇಕಾದಾಗಲೆಲ್ಲ ಅದೇ ಬೆಲೆಗೆ ಮಾಲು ಸಿಗುತ್ತೆ ಅನ್ನೋ ನಂಬಿಕೆ ಮೇಲೆ ನಿಂತ ಸೂತ್ರ ಅದು. ನಮ್ಮಲ್ಲಿ ಮಾಲು ಬರೋದು ಎರಡು ಮೂರು ತಿಂಗಳು, ಕೋಳಿ ತಿನ್ನೋದು ಹನ್ನೆರಡು ತಿಂಗಳು.

ಇಲ್ಲಿ ಕೇಳಬೇಕಾದ ಪ್ರಶ್ನೆ "ಇಟ್ಟುಕೊಂಡರೆ ತಿಂಗಳಿಗೆ ಎಷ್ಟು ಬೀಳುತ್ತೆ" ಅನ್ನೋದು. ಒಣ ಕಾಳು 2,200 ಅಂದ್ಕೊಳ್ಳಿ. ವರ್ಷಕ್ಕೆ ಶೇ. 12 ಬಡ್ಡಿ ಅಂದರೆ ತಿಂಗಳಿಗೆ 22 ರೂಪಾಯಿ. ಗೋದಾಮು ಬಾಡಿಗೆ, ವಿಮೆ, ಹುಳದ ಔಷಧಿ ಸೇರಿ 8 ಅಂತ ಹಿಡಿದರೆ ತಿಂಗಳಿಗೆ 30, ನಾಲ್ಕು ತಿಂಗಳಿಗೆ 120. ಒಣಗಿ, ಹುಳ ತಿಂದು, ಇಲಿ ತಿಂದು ಶೇ. 1.5 ತೂಕ ಹೋದರೆ ಇನ್ನೊಂದು 33. ಅಂದರೆ ನಾಲ್ಕು ತಿಂಗಳಾದ ಮೇಲೆ 2,353ಕ್ಕಿಂತ ಕಡಿಮೆಗೆ ಮಾರಿದರೆ ಇಟ್ಟಿದ್ದೇ ನಷ್ಟ. ನೀವು ಹೋದ ಗೋದಾಮಿನ ನಿಜವಾದ ಬಡ್ಡಿ, ಬಾಡಿಗೆ ಕೇಳಿ ಈ ಅಂಕಿ ಬದಲಾಯಿಸಿ. ಇದೊಂದೇ ಲೆಕ್ಕ ಒಂದು ಅಧ್ಯಾಯ ಆಗುತ್ತೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಮಾರುಕಟ್ಟೆ ದರದ ಪಕ್ಕ ಅದನ್ನೂ ಇಟ್ಟು ನೋಡ್ರಿ.

ಡಬ್ಲ್ಯೂಡಿಆರ್‌ಎ (ಗೋದಾಮುಗಳ ಮೇಲಿನ ಕೇಂದ್ರದ ಪ್ರಾಧಿಕಾರ) ನೋಂದಣಿ ಇರೋ ಗೋದಾಮಲ್ಲಿ ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಕೊಡ್ತಾರೆ, ಅದನ್ನ ಬ್ಯಾಂಕಿಗೆ ಒತ್ತೆ ಇಟ್ಟು ಸಾಲ ತಗೋಬಹುದು. ಕಾನೂನು 2007ರದು. ಬಡ್ಡಿಯ ಅಂಕಿ ಇದರಿಂದ ಹೇಗೆ ಬದಲಾಗುತ್ತೆ ಅಂತ ಸೇರಿಸಿದರೆ ಹಣಕಾಸು ವಿಭಾಗದ ಮೇಷ್ಟ್ರೂ ಓದ್ತಾರೆ.

ಸ್ಟಾಕ್_ರಿಜಿಸ್ಟರ್

ಕಾಟಾ ಚೀಟಿ ಅಣ್ಣ, ಮೆಕ್ಕೆಜೋಳಕ್ಕೆ ಬೇಡ ಅನ್ನೋದು ಸರಿ, ಇಒಕ್ಯೂ ಕಲಿಯೋದೇ ಬೇಡ ಅನ್ನೋ ಹಾಗೆ ಆಗಬಾರದು. ಅದೇ ವ್ಯಾಪಾರದಲ್ಲಿ ಖಾಲಿ ಚೀಲ, ಹೊಲಿಗೆ ದಾರ, ಔಷಧಿ, ಯಂತ್ರದ ಬೆಲ್ಟು ವರ್ಷವಿಡೀ ಬೇಕು, ವರ್ಷವಿಡೀ ಸಿಗುತ್ತವೆ. ಅಲ್ಲಿ ಸೂತ್ರ ಸರಿಯಾಗಿ ಕೂರುತ್ತೆ. 1913ರಲ್ಲಿ ಫೋರ್ಡ್ ಹ್ಯಾರಿಸ್ ಬರೆದಿದ್ದು ಇವತ್ತಿಗೂ ಕೆಲಸ ಮಾಡುತ್ತೆ.

ವರ್ಷಕ್ಕೆ 12,000 ಚೀಲ, ಒಂದು ಆರ್ಡರ್‌ಗೆ ತಗಲೋ ಖರ್ಚು 500, ಒಂದು ಚೀಲ ವರ್ಷ ಇಟ್ಟುಕೊಳ್ಳೋ ಖರ್ಚು 24 ಅಂತ ಇಟ್ಕೊಳ್ಳಿ. 2 ಗುಣಿಸು 12,000 ಗುಣಿಸು 500, ಭಾಗಿಸು 24, ಅದರ ವರ್ಗಮೂಲ: 707. ಪರೀಕ್ಷೆಯಲ್ಲಿ ಇಲ್ಲಿಗೆ ನಿಲ್ಲಿಸ್ತಾರೆ. ಕೆಲಸಕ್ಕೆ ಬೇಕಾದ್ದು ಮುಂದಿನ ಹೆಜ್ಜೆ. 707ರ ಬದಲು 1,000 ತರಿಸಿದರೆ ಒಟ್ಟು ಖರ್ಚು ಎಷ್ಟು ಏರುತ್ತೆ? ಬರೀ ಶೇ. 6. ಒಟ್ಟು ಖರ್ಚಿನ ಗೆರೆ ತಳದಲ್ಲಿ ಬಹಳ ಚಪ್ಪಟೆ. ಹಾಗಾಗಿ ಬೇಲ್ (ಚೀಲದ ಕಟ್ಟು) ಎಷ್ಟರದೋ, ಗಾಡಿ ಎಷ್ಟು ಹಿಡಿಯುತ್ತೋ ಅದಕ್ಕೆ ದುಂಡು ಮಾಡಿ ಆರ್ಡರ್ ಹಾಕಬಹುದು, ಭಯ ಬೇಡ.

ಸೇಫ್ಟಿ ಸ್ಟಾಕ್ ಮಾತ್ರ ಸ್ವಲ್ಪ ಹೊತ್ತು ಕೊಟ್ಟು ಓದಿ, ದಯವಿಟ್ಟು. ಇದು ಬೇರೆ ಉದಾಹರಣೆ: ದಿನಕ್ಕೆ ಸರಾಸರಿ 200 ಚೀಲ ಬೇಕು, ವಿಚಲನೆ 40, ಸರಕು ಬರೋಕೆ 9 ದಿನ. ಪುಸ್ತಕದ ಲೆಕ್ಕ: 40 ಗುಣಿಸು 9ರ ವರ್ಗಮೂಲ, 120. ಶೇ. 95ರ ಸೇವಾ ಮಟ್ಟಕ್ಕೆ 1.65ರಿಂದ ಗುಣಿಸಿದರೆ 198. 9 ದಿನದ ಬಳಕೆ 1,800 ಸೇರಿಸಿ, ಸ್ಟಾಕ್ 1,998ಕ್ಕೆ ಇಳಿದಾಗ ಮರು ಆರ್ಡರ್.

ಆದರೆ ಆ 9 ದಿನ ಯಾವತ್ತೂ 9 ದಿನ ಇರಲ್ಲ. ಒಮ್ಮೆ 7, ಒಮ್ಮೆ 12. ಅದರ ವಿಚಲನೆ 2 ದಿನ ಅಂದ್ಕೊಳ್ಳಿ. ಆಗ ವರ್ಗಮೂಲದ ಒಳಗೆ ಎರಡು ಭಾಗ ಸೇರಬೇಕು: 9 ಗುಣಿಸು 40ರ ವರ್ಗ, ಅಂದರೆ 14,400, ಜೊತೆಗೆ 200ರ ವರ್ಗ ಗುಣಿಸು 2ರ ವರ್ಗ, ಅಂದರೆ 1,60,000. ಎರಡೂ ಕೂಡಿ ವರ್ಗಮೂಲ 417.6. ಸೇಫ್ಟಿ ಸ್ಟಾಕ್ 198 ಇದ್ದದ್ದು 689 ಆಯ್ತು.

ಈಗ ನೋಡಿ ಮಜಾ ಎಲ್ಲಿದೆ ಅಂತ. ಬೇಡಿಕೆಯ ಅಂದಾಜನ್ನ ಎರಡು ಪಟ್ಟು ಚೆನ್ನಾಗಿ ಮಾಡಿ ವಿಚಲನೆ 40ರಿಂದ 20ಕ್ಕೆ ಇಳಿಸಿದರೆ ಸೇಫ್ಟಿ ಸ್ಟಾಕ್ 689ರಿಂದ 667. ಅದೇ, ಸರಕು ಬರೋ ದಿನದ ಏರುಪೇರನ್ನ 2 ದಿನದಿಂದ 1 ದಿನಕ್ಕೆ ಇಳಿಸಿದರೆ 385. ಅಂದರೆ ಈ ಉದಾಹರಣೆಯಲ್ಲಿ ಫೋರ್‌ಕಾಸ್ಟಿಂಗ್ ಸಾಫ್ಟ್‌ವೇರ್‌ಗೆ ಖರ್ಚು ಮಾಡೋದಕ್ಕಿಂತ ಸರಬರಾಜುದಾರರಿಗೆ ಲೋಡ್ ಆದ ದಿನವೇ ಫೋನ್ ಮಾಡಿ ಖಚಿತ ಮಾಡ್ಕೊಳ್ಳೋದು ಹೆಚ್ಚು ಉಳಿಸುತ್ತೆ. ಇದನ್ನ ಎಕ್ಸೆಲ್‌ನಲ್ಲಿ ನೀವೇ ಅಂಕಿ ಬದಲಿಸಿ ನೋಡಿ. ಪ್ರಾಜೆಕ್ಟ್‌ನ ಶಿಫಾರಸು ಅಲ್ಲಿಂದಲೇ ಹುಟ್ಟಬೇಕು.

ಎಡವೋ ಜಾಗಗಳು: ವಿಚಲನೆ ತಿಂಗಳಿಂದು, ಲೀಡ್ ಟೈಮ್ (ಆರ್ಡರ್ ಹಾಕಿದ ಮೇಲೆ ಸರಕು ಬರೋಕೆ ಹಿಡಿಯೋ ಹೊತ್ತು) ದಿನದ್ದು, ಎರಡನ್ನೂ ಹಾಗೇ ಗುಣಿಸೋದು. ಮಾರಾಟವನ್ನೇ ಬೇಡಿಕೆ ಅನ್ನೋದು. ಸ್ಟಾಕ್ ಖಾಲಿ ಇದ್ದ ದಿನ ಮಾರಾಟ ಸೊನ್ನೆ, ಬೇಡಿಕೆ ಸೊನ್ನೆ ಅಲ್ಲ, ಆ ದಿನಗಳನ್ನ ಗುರುತು ಹಾಕಿ ಬೇರೆ ಇಡಬೇಕು. ಮತ್ತೆ, ಆರ್ಡರ್ ಕಳಿಸಿದ ದಿನದಿಂದ ಲೀಡ್ ಟೈಮ್ ಎಣಿಸಿ, ಸರಕು ಗೇಟಿಗೆ ಬಂದ ದಿನಕ್ಕೆ ನಿಲ್ಲಿಸೋದು. ಎಣಿಸಿ, ಪರೀಕ್ಷಿಸಿ, ರಿಜಿಸ್ಟರ್‌ಗೆ ಏರಿಸಿದ ದಿನದ ತನಕ ಎಣಿಸಬೇಕು. ಅಲ್ಲೇ ಎರಡು ದಿನ ತಿಂದಿರುತ್ತೆ.

ಶಿವಗಂಗೋತ್ರಿ_ಎಂಬಿಎ

ಅಕ್ಕ, ತುಂಬಾ ಧನ್ಯವಾದ. "ಶೇ. 95 ಸೇವಾ ಮಟ್ಟ" ಅಂದರೆ 100 ಚೀಲ ಕೇಳಿದಾಗ 95 ಕೊಟ್ಟ ಹಾಗೆ ಅಂತಲಾ?

ಲೆಕ್ಕದ_ಮೇಷ್ಟ್ರು

ಅಲ್ಲ, ಇಲ್ಲೇ ಬಹಳ ಜನ ಜಾರೋದು. 1.65 ಹಾಕಿದಾಗ ಸಿಗೋ ಶೇ. 95ರ ಅರ್ಥ: 20 ಸಲ ಆರ್ಡರ್ ಹಾಕಿ ಕಾದರೆ 19 ಸಲ ಸರಕು ಬರೋ ತನಕ ಸ್ಟಾಕ್ ಖಾಲಿ ಆಗಲ್ಲ. 100 ಕೇಳಿದಾಗ 95 ಕೊಟ್ಟಿರಿ ಅನ್ನೋದು ಫಿಲ್ ರೇಟ್. ಅದು ಬೇರೆ, ಅದರ ಸೂತ್ರವೂ ಬೇರೆ. ಒಂದೇ ಸ್ಟಾಕ್‌ಗೆ ಫಿಲ್ ರೇಟ್ ಸಾಮಾನ್ಯವಾಗಿ ಹೆಚ್ಚೇ ಬರುತ್ತೆ, ಯಾಕಂದರೆ ಖಾಲಿ ಆದ ಆ ಒಂದು ಸಲವೂ ಕೊನೆಯ ಸ್ವಲ್ಪ ಮಾತ್ರ ತಪ್ಪಿಹೋಗಿರುತ್ತೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಪದಗಳಿಗೆ ಹೆದರಿ ವ್ಯಾಖ್ಯಾನ ಬಾಯಿಪಾಠ ಮಾಡಬೇಡಿ. ಪ್ರತಿ ಪದಕ್ಕೂ "ಎಲ್ಲಿಂದ ಎಲ್ಲಿ ತನಕ" ಅಂತ ನಿಮ್ಮ ಮಾತಿನಲ್ಲೇ ಒಂದು ವಾಕ್ಯ ಬರೆದುಕೊಳ್ಳಿ. ಬುಲ್‌ವಿಪ್ ಅಂದರೆ: ಗಿರಾಕಿ ಹತ್ತಿರ ಸಣ್ಣ ಅಲುಗಾಟ, ಮೇಲೆ ಮೇಲೆ ಹೋದ ಹಾಗೆ ದೊಡ್ಡ ಅಲುಗಾಟ. ಗಾಂಧಿ ಸರ್ಕಲ್ ಹತ್ತಿರ ಮಂಡಕ್ಕಿ ಅಂಗಡಿಯವರು ಹಬ್ಬಕ್ಕೆ ಅಂತ ಹತ್ತು ಚೀಲ ಹೆಚ್ಚು ಕೇಳ್ತಾರೆ, ಸಗಟು ವ್ಯಾಪಾರಿ ಇರಲಿ ಅಂತ ಇಪ್ಪತ್ತು ಸೇರಿಸ್ತಾರೆ, ಭಟ್ಟಿಯವರು ಭತ್ತವನ್ನ ಇನ್ನೂ ಹೆಚ್ಚು ಕೊಳ್ತಾರೆ, ಹಬ್ಬ ಮುಗಿದ ಮೇಲೆ ಎಲ್ಲರ ಹತ್ತಿರವೂ ಮಾಲು ಉಳಿಯುತ್ತೆ. ಲೀ, ಪದ್ಮನಾಭನ್, ವಾಂಗ್ 1997ರಲ್ಲಿ ಇದಕ್ಕೆ ನಾಲ್ಕು ಕಾರಣ ಕೊಟ್ಟರು: ಬೇಡಿಕೆಯನ್ನ ಮರು ಅಂದಾಜು ಮಾಡೋದು, ಆರ್ಡರ್ ಗುಡ್ಡೆ ಹಾಕಿ ಕಳಿಸೋದು, ಬೆಲೆ ಏರಿಳಿತ, ಕೊರತೆ ಇದ್ದಾಗ ಬೇಕಾದ್ದಕ್ಕಿಂತ ಹೆಚ್ಚು ಕೇಳೋದು.

ತರಗತಿಯಲ್ಲಿ ಇದನ್ನ ಆಡಿ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬಿಯರ್ ಗೇಮ್ ಅಂತ ಹೆಸರು. ನಾಲ್ಕು ಜನ ಸಾಲಾಗಿ: ಅಂಗಡಿ, ಸಗಟು, ವಿತರಕ, ಕಾರ್ಖಾನೆ. ಪ್ರತಿಯೊಬ್ಬರ ಹತ್ತಿರ ಮೊದಲಿಗೆ 12 ಸ್ಟಾಕ್. ಆರ್ಡರ್ ಮೇಲೆ ಹೋಗೋಕೆ ಎರಡು ವಾರ, ಸರಕು ಕೆಳಗೆ ಬರೋಕೆ ಎರಡು ವಾರ. ಗಿರಾಕಿ ವಾರಕ್ಕೆ 4 ಕೇಳ್ತಿದ್ದವರು ಐದನೇ ವಾರದಿಂದ 8 ಕೇಳ್ತಾರೆ, ಆಮೇಲೆ ಬದಲಾವಣೆಯೇ ಇಲ್ಲ. ಸ್ಟಾಕ್ ಇಟ್ಟರೆ ವಾರಕ್ಕೆ ಒಂದಕ್ಕೆ ಅರ್ಧ, ಬಾಕಿ ಉಳಿಸಿದರೆ ಒಂದು ದಂಡ. ನಾಣ್ಯದ ಬದಲು ಮೆಕ್ಕೆಜೋಳದ ಕಾಳು ಬಳಸಿ. ಮಾತಾಡೋ ಹಾಗಿಲ್ಲ, ಚೀಟಿಯಲ್ಲಿ ಅಂಕಿ ಮಾತ್ರ. ಹದಿನೈದನೇ ವಾರದ ಹೊತ್ತಿಗೆ ಕಾರ್ಖಾನೆಯ ಚೀಟಿಯಲ್ಲಿರೋ ಅಂಕಿ ನೋಡಿದರೆ ವಿವರಣೆಯೇ ಬೇಡ.

ದುರ್ಗದ_ಬೈಪಾಸ್

ಸಾಗಣೆ ಬಗ್ಗೆ ಯಾರೂ ಬರೆದಿಲ್ಲ. ಚಿತ್ರದುರ್ಗದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಮತ್ತು 50 ಕೂಡ್ತವೆ, ಬೆಂಗಳೂರು, ಹುಬ್ಬಳ್ಳಿ, ಹೊಸಪೇಟೆ ಮೂರು ಕಡೆ ಗಾಡಿಯೂ ಇಲ್ಲಿ ಹಾದು ಹೋಗ್ತವೆ. ಸಾಗಣೆ ಓದೋಕೆ ಇದಕ್ಕಿಂತ ಒಳ್ಳೆ ಜಾಗ ಬೇಡ.

ಲಾರಿ ತುಂಬೋದು ಎರಡು ರೀತಿ: ಭಾರದಿಂದ ತುಂಬುತ್ತೆ, ಇಲ್ಲ ಜಾಗದಿಂದ ತುಂಬುತ್ತೆ. 2018ರ ಪರಿಷ್ಕೃತ ಮಿತಿಯ ಪ್ರಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕ 18.5 ಟನ್, ಮೂರು ಆಕ್ಸಲ್‌ನ ಹತ್ತು ಚಕ್ರದ ಲಾರಿಗೆ 28.5 ಟನ್. ಹತ್ತು ಚಕ್ರದ ಖಾಲಿ ಗಾಡಿ 9.5 ಟನ್ ತೂಗಿದರೆ ಸರಕಿಗೆ ಉಳಿಯೋದು 19 ಟನ್. 60 ಕಿಲೋ ಚೀಲ ಆದರೆ 316. ಮೆಕ್ಕೆಜೋಳ ಘನ ಮೀಟರ್‌ಗೆ ಸುಮಾರು 720 ಕಿಲೋ ತೂಗುತ್ತೆ, 19 ಟನ್‌ಗೆ 26 ಘನ ಮೀಟರ್ ಸಾಕು, ಬಾಡಿಯಲ್ಲಿ ಜಾಗ ಉಳಿಯುತ್ತೆ. ಅದೇ ಗಾಡಿಗೆ ದಾವಣಗೆರೆ ಮಂಡಕ್ಕಿ ಹಾಕಿ. ಘನ ಮೀಟರ್‌ಗೆ 100 ಕಿಲೋ ಅಂತ ಹಿಡಿದು 40 ಘನ ಮೀಟರ್ ತುಂಬಿಸಿದರೂ 4 ಟನ್. ಬಾಡಿಗೆ 22,800 ಅಂದರೆ ಮೆಕ್ಕೆಜೋಳಕ್ಕೆ ಟನ್‌ಗೆ 1,200, ಮಂಡಕ್ಕಿಗೆ 5,700. ಮಂಡಕ್ಕಿ ಭಟ್ಟಿಗಳು ಯಾಕೆ ತಿನ್ನೋರ ಹತ್ತಿರ ಇರ್ತವೆ, ಭತ್ತ ಯಾಕೆ ದೂರದಿಂದ ಬರಬಹುದು ಅಂತ ಈ ಒಂದು ಭಾಗಾಕಾರ ಹೇಳುತ್ತೆ. ಪುಸ್ತಕದ "ಕಾರ್ಖಾನೆ ಎಲ್ಲಿ ಇಡಬೇಕು" ಅಧ್ಯಾಯದ ತಿರುಳು ಇದು.

ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿಯ ಎಲೆಕ್ಟ್ರಾನಿಕ್ ಚೀಟಿ) ಗೊತ್ತಿರಲೇಬೇಕು, ಸಂದರ್ಶನದಲ್ಲಿ ಕೇಳ್ತಾರೆ. ಸರಕಿನ ಮೌಲ್ಯ 50,000 ದಾಟಿದರೆ ಬೇಕು. ಭಾಗ ಎ ಸರಕಿನ ವಿವರ, ಭಾಗ ಬಿ ಗಾಡಿ ವಿವರ. 200 ಕಿಲೋಮೀಟರ್‌ಗೆ ಒಂದು ದಿನ ಅವಧಿ, 2021ರ ಜನವರಿಗೆ ಮುಂಚೆ 100 ಇತ್ತು. ಹಳೆ ನೋಟ್ಸ್‌ನಲ್ಲಿ ಇನ್ನೂ 100 ಅಂತಲೇ ಇರುತ್ತೆ, ನೋಡ್ಕೊಳ್ಳಿ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಹಾಗಾಗಿ ಎರಡು ದಿನ ಸಿಗುತ್ತೆ. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಹೇರಿದರೆ ಹೊಸ ಬಿಲ್ ಬೇಡ, ಭಾಗ ಬಿ ತಿದ್ದಬೇಕು. ಅವಧಿ ಮುಗಿಯೋ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆ ಒಳಗೆ ಮಾತ್ರ ವಿಸ್ತರಿಸೋಕೆ ಬರುತ್ತೆ. ಡ್ರೈವರ್ ಮಲಗಿ, ಆಫೀಸ್ ಮುಚ್ಚಿ ಆ ಹೊತ್ತು ದಾಟಿದರೆ ದಂಡ. ಪ್ಯಾಕ್ ಮಾಡಿ ಲೇಬಲ್ ಹಾಕದ ಬಿಡಿ ಮೆಕ್ಕೆಜೋಳಕ್ಕೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಕಡ್ಡಾಯ ಅಲ್ಲ. ಒಣ ಅಡಿಕೆಗೆ ಎರಡೂ ಇವೆ. ಚನ್ನಗಿರಿ, ಭೀಮಸಮುದ್ರದ ಅಡಿಕೆ ಹಿಡಿದು ಪ್ರಾಜೆಕ್ಟ್ ಮಾಡೋರು ಇದನ್ನ ಮರೀಬೇಡಿ.

ಹಿರಿಯೂರು_ಈರುಳ್ಳಿ

ಮುಂದಿನ ವರ್ಷದ ಹುಡುಗರು ಓದ್ತಿದ್ರೆ: ಚಿತ್ರದುರ್ಗದವರು ಈರುಳ್ಳಿ ಹಿಡೀರಿ. 10 ಚೀಲಕ್ಕೆ ಬಣ್ಣದ ದಾರ ಕಟ್ಟಿ. ಹೊಲದಲ್ಲಿ ತೂಗಿ, ಲೋಡ್ ಮಾಡುವಾಗ ತೂಗಿ, ಬೆಂಗಳೂರಿನ ಮಾರುಕಟ್ಟೆಯಲ್ಲಿ ಇಳಿಸಿದಾಗ ತೂಗಿ. ಇಳಿಸಿದ ಮೇಲೆ ಚೀಲ ಸುರಿದು ಕೊಳೆತದ್ದು, ಮೊಳೆತದ್ದು, ಜಜ್ಜಿದ್ದು ಮೂರು ಗುಡ್ಡೆ ಬೇರೆ ಮಾಡಿ ತೂಗಿ. ಮೂರಕ್ಕೂ ಕಾರಣ ಬೇರೆ. ಕೊಳೆತ ಸಾಮಾನ್ಯವಾಗಿ ಹಸಿ ಇದ್ದಾಗಲೇ ಚೀಲಕ್ಕೆ ತುಂಬಿದ್ದರಿಂದ, ಕತ್ತು ಸರಿಯಾಗಿ ಒಣಗಿರಲ್ಲ. ಜಜ್ಜಿದ್ದು ಹಮಾಲಿ ಎತ್ತಿ ಹಾಕುವಾಗ ಮತ್ತು ನಿಟ್ಟಿನ ಎತ್ತರದಿಂದ, ಕೆಳಗಿನ ಸಾಲಿನ ಚೀಲ ಯಾವುದು ಅಂತ ಗುರುತು ಇಟ್ಟಿರಬೇಕು. "ಶೇ. ಇಷ್ಟು ನಷ್ಟ" ಅಂತ ಒಂದೇ ಅಂಕಿ ಬರೆದರೆ ಯಾರು ಏನು ಸರಿ ಮಾಡಬೇಕು ಅಂತ ತಿಳಿಯಲ್ಲ.

ಸ್ಟಾಕ್_ರಿಜಿಸ್ಟರ್

ಮೂರನೇ ಪ್ರಶ್ನೆಗೆ. ಮೊದಲು ಎಕ್ಸೆಲ್: ಪಿವೊಟ್, ಎಕ್ಸ್‌ಲುಕಪ್, ದಿನಾಂಕ ಪಠ್ಯವಾಗಿ ಬಂದಾಗ ಸರಿಪಡಿಸೋದು, ಸಾಲ್ವರ್ (ಖರ್ಚು ಕನಿಷ್ಠ ಆಗೋ ಉತ್ತರ ಹುಡುಕೋ ಸಲಕರಣೆ). ಸಾಲ್ವರ್‌ನಲ್ಲಿ ಮೂರು ಗೋದಾಮು, ನಾಲ್ಕು ಕಾರ್ಖಾನೆಯ ಸಾಗಣೆ ಲೆಕ್ಕ ಮಾಡಿ, 12 ಕೋಶ. ವಿಧಾನ ಸಿಂಪ್ಲೆಕ್ಸ್ ಎಲ್‌ಪಿ. "ಪರಿಹಾರ ಸಿಗಲಿಲ್ಲ" ಅಂತ ಬಂದರೆ ಬಹುತೇಕ ಗೋದಾಮುಗಳ ಒಟ್ಟು ಸರಕು ಕಾರ್ಖಾನೆಗಳ ಒಟ್ಟು ಬೇಡಿಕೆಗಿಂತ ಕಡಿಮೆ ಇರುತ್ತೆ. ಕೊರತೆಗೆ ಅಂತ ಒಂದು ನಕಲಿ ಗೋದಾಮು ಸೇರಿಸಿ. ಮಾಮೂಲಿ ಸಾಲ್ವರ್ 200 ಚರಾಂಶದ ತನಕ ಮಾತ್ರ.

ಆಮೇಲೆ ಇಆರ್‌ಪಿ (ಖರೀದಿ, ಸ್ಟಾಕ್, ಲೆಕ್ಕ ಎಲ್ಲಾ ಒಂದೇ ಕಡೆ ನಡೆಸೋ ತಂತ್ರಾಂಶ). ಸ್ಯಾಪ್‌ನ ಪರವಾನಗಿ ದುಬಾರಿ, ಆದರೆ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ, ನಮ್ಮ ದೇಶದ್ದೇ, ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಹಾಕಿ ಕಲಿಯಬಹುದು. ಐಟಂ, ಗೋದಾಮು, ಸರಬರಾಜುದಾರ ಸೃಷ್ಟಿಸಿ, ಪರ್ಚೇಸ್ ಆರ್ಡರ್, ಸರಕು ಸ್ವೀಕೃತಿ, ಬಿಲ್ ಈ ಕ್ರಮದಲ್ಲಿ ಹಾಕಿ. ಬೇಕಂತಲೇ ತಪ್ಪು ಮಾಡಿ ನೋಡಿ: ಆರ್ಡರ್ 100 ಕ್ವಿಂಟಲ್, ಸ್ವೀಕೃತಿ 98.4, ಬಿಲ್ 100. ಮೂರನ್ನೂ ತಾಳೆ ನೋಡಿ ಹಣ ತಡೆಯೋದು ಖರೀದಿ ವಿಭಾಗದ ದಿನದ ಕೆಲಸ. ಸ್ಯಾಪ್‌ನಲ್ಲಿ ಇದೇ ಮೂರಕ್ಕೆ ಎಂಇ21ಎನ್, ಮಿಗೋ, ಮಿರೋ ಅಂತಾರೆ. ಹೆಸರು ಬೇರೆ, ಕೆಲಸ ಅದೇ.

ಐಟಂ ಸೃಷ್ಟಿಸುವಾಗ ಅಳತೆಯ ಮೂಲ ಘಟಕ ಕಿಲೋ ಇರಲಿ, ಚೀಲ ಬೇಡ. ಒಂದು ಚೀಲ 50, ಇನ್ನೊಂದು 62 ಇದ್ದರೆ ಸ್ಟಾಕ್ ಯಾವತ್ತೂ ಕೂಡಲ್ಲ. ಅಡಿಕೆ ಆದರೆ ರಾಶಿ, ಬೆಟ್ಟೆ, ಗೊರಬಲು, ಸರಕು ಒಂದೊಂದೂ ಬೇರೆ ಐಟಂ. "ಅಡಿಕೆ" ಅಂತ ಒಂದೇ ಹಾಕಿದರೆ ಮೌಲ್ಯವೇ ತಪ್ಪುತ್ತೆ.

ಸರ್ಟಿಫಿಕೇಟ್: ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಕಲಿಕೆ) ಕೋರ್ಸಿಗೆ ಸೇರೋದು ಉಚಿತ, ಪರೀಕ್ಷೆ ಬರೆಯೋರಿಗೆ ಮಾತ್ರ ಶುಲ್ಕ. ಅಸೈನ್‌ಮೆಂಟ್‌ಗೆ ಶೇ. 25, ಪರೀಕ್ಷೆಗೆ ಶೇ. 75. ಎಂಐಟಿಯ ಮೈಕ್ರೋಮಾಸ್ಟರ್ಸ್ ಐದು ಕೋರ್ಸ್, ಕೊನೆಗೊಂದು ಸಮಗ್ರ ಪರೀಕ್ಷೆ. ಗಣಿತ ಗಟ್ಟಿ ಇದ್ದರೆ ಮೊದಲನೆಯ ಅನಾಲಿಟಿಕ್ಸ್ ಒಂದೇ ಮಾಡಿದರೂ ಲಾಭ. ವಿದೇಶಿ ಸಂಸ್ಥೆ ಕೊಡೋ ಸಪ್ಲೈ ಚೈನ್ ಸರ್ಟಿಫಿಕೇಟ್‌ಗಳಾದ ಸಿಪಿಐಎಂ, ಸಿಎಸ್‌ಸಿಪಿ, ಸಿಎಲ್‌ಟಿಡಿ ಮೂರಕ್ಕೂ ಶುಲ್ಕ ಡಾಲರ್‌ನಲ್ಲಿ. ಓದುವಾಗಲೇ ಸಾಲ ಮಾಡಿ ಕಟ್ಟಬೇಡಿ. ಕೆಲಸಕ್ಕೆ ಸೇರಿ, ಕಂಪನಿ ಕೊಡುತ್ತಾ ಕೇಳಿ, ಆಮೇಲೆ.

ಶಿವಗಂಗೋತ್ರಿ_ಎಂಬಿಎ

ಎಲ್ಲರ ಮಾತು ನೋಟ್‌ಬುಕ್‌ಗೆ ಇಳಿಸಿದೆ. ಕಾಲಂ ಹೀಗೆ ಹಾಕಿದೀನಿ: ಲಾರಿ ಕ್ರಮಸಂಖ್ಯೆ, ಗೇಟಿಗೆ ಬಂದ ಹೊತ್ತು, ತುಂಬಿದ ತೂಕ, ಆ ಹೊತ್ತು, ಇಳಿಸೋಕೆ ಶುರು, ಮುಗಿದದ್ದು, ಖಾಲಿ ತೂಕ, ಆ ಹೊತ್ತು, ತೇವಾಂಶದ ಮೂರು ಓದು, ಚೀಲದ ಎಣಿಕೆ. ಒಂದೇ ತೊಡಕು, ಗೇಟಿನ ಹೊತ್ತು ಯಾರೂ ಬರೆಯಲ್ಲ. ಕಾಟಾ (ಲಾರಿ ತೂಗೋ ಜಾಗ) ಚೀಟಿಯಲ್ಲಿ ತೂಕದ ಹೊತ್ತು ಮಾತ್ರ ಇರುತ್ತೆ. ನಾನೊಬ್ಬನೇ ಗೇಟಲ್ಲೂ ಕಾಟಾ ಹತ್ತಿರವೂ ನಿಲ್ಲೋಕಾಗಲ್ಲ.

ಕಾಟಾ_ಚೀಟಿ

ಕಾಲಂ ಚೆನ್ನಾಗಿದಾವೆ. "ಯಾಕೆ ನಿಂತಿತ್ತು" ಅಂತ ಒಂದು ಸೇರಿಸ್ರಿ: ಹಮಾಲರು ಊಟಕ್ಕೆ, ಕರೆಂಟ್ ಇಲ್ಲ, ಟೆಂಡರ್ ಆಗಿಲ್ಲ, ಚೀಲ ಹರಿದು ಮರು ಹೊಲಿಗೆ. ತುಂಬಿದ ತೂಕದಿಂದ ಖಾಲಿ ತೂಕದ ತನಕದ ಹೊತ್ತು ಚೀಟಿಯಲ್ಲೇ ಸಿಗುತ್ತೆ. ಕೈಬರಹದ ರಿಜಿಸ್ಟರ್ ನಂಬುವಾಗ ಹುಷಾರು, ಎಲ್ಲಾ ಹೊತ್ತೂ 10.00, 10.30, 11.00 ಅಂತ ದುಂಡಾಗಿ ಇರ್ತವೆ.

ಲೆಕ್ಕದ_ಮೇಷ್ಟ್ರು

ಗೇಟಲ್ಲಿ ನಿಲ್ಲೋದು ಬೇಕಿಲ್ಲ, ಲಿಟಲ್ ನಿಯಮ ಬಳಸಿ. ಕಾಟಾ ಹತ್ತಿರ ಕೂತು 15 ನಿಮಿಷಕ್ಕೊಮ್ಮೆ ತೂಕಕ್ಕೆ ಕಾಯ್ತಾ ನಿಂತ ಲಾರಿ ಎಣಿಸಿ ಬರೀರಿ. ದಿನದ ಕೊನೆಗೆ ಆ ಎಣಿಕೆಗಳ ಸರಾಸರಿ 14 ಬಂತು, ಗಂಟೆಗೆ ಸರಾಸರಿ 7 ಲಾರಿ ತೂಕ ಆದವು ಅಂದರೆ ಒಂದು ಲಾರಿ ಸರಾಸರಿ ಕಾದದ್ದು 14 ಭಾಗಿಸು 7, ಎರಡು ಗಂಟೆ. ಒಂದೊಂದು ಲಾರಿಯ ಬೆನ್ನು ಹತ್ತೋದು ತಪ್ಪಿತು. ಆದರೆ ಇದರಿಂದ ಸಿಗೋದು ಸರಾಸರಿ ಮಾತ್ರ, ಮಧ್ಯಕ ಸಿಗಲ್ಲ. ಅದಕ್ಕೆ ಗೆಳೆಯರೊಬ್ಬರನ್ನ ಮೂರು ದಿನ ಗೇಟಲ್ಲಿ ಕೂರಿಸಿ, ಇಬ್ಬರ ಗಡಿಯಾರ ಬೆಳಿಗ್ಗೆ ಸರಿ ಹೊಂದಿಸಿ, ಆ ಮೂರು ದಿನದ ಬಿಡಿ ಹೊತ್ತುಗಳಿಂದ ಮಧ್ಯಕ ಮತ್ತು 90ನೇ ಪರ್ಸೆಂಟೈಲ್ ತೆಗೀರಿ. ಹೈಪಾಥಿಸಿಸ್ ಪರೀಕ್ಷೆಗೂ ಆ ಬಿಡಿ ಹೊತ್ತುಗಳೇ ಬೇಕು. 62ರ ಲೆಕ್ಕ ತುಂಬದಿದ್ದರೆ ಇನ್ನೆರಡು ದಿನ ಕೂರಿಸಿ.

ಎಣಿಕೆ ಶುರು ಮಾಡೋದು ಬೆಳಿಗ್ಗೆ ಅಂಗಳ ಖಾಲಿ ಇರುವಾಗ, ನಿಲ್ಲಿಸೋದು ಕೊನೆಯ ಲಾರಿ ತೂಕ ಆದ ಮೇಲೆ. ರಾತ್ರಿ ಉಳಿದ ಲಾರಿ ಇದ್ದರೆ ಎಷ್ಟು ಅಂತ ಬರೆದು, ಮರುದಿನದ ಮೊದಲ ಎಣಿಕೆಗೆ ಸೇರಿಸಿ. ನಡುವೆ ಊಟಕ್ಕೆ ಎದ್ದು ಎರಡು ಎಣಿಕೆ ಬಿಟ್ಟರೆ ಆ ಎರಡು ಸಾಲನ್ನ ಖಾಲಿ ಬಿಡಿ, ಸೊನ್ನೆ ಹಾಕಬೇಡಿ.